ಹತ್ತು ಮುಖದ ದಾಳ

2017ರ ನವೆಂಬರ್. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಸ್ಥಳೀಯ ಚುನಾವಣೆ ಮುಗಿದು ಕೆಲವು ದಿನಗಳಾಗಿದ್ದವು. ರಾಜಧಾನಿ ಡೆನ್ವರ್‌ನಲ್ಲಿ ಜನರ ಎದುರಿಗೆ ದಾಳ ಉರುಳಿಸಿದರು. ನಮ್ಮ ಪಗಡೆಯ ಉದ್ದನೆಯ ದಾಳವಲ್ಲ, ಹತ್ತು ಮುಖಗಳ ಪುಟ್ಟ ದಾಳ. ಒಂದೊಂದು ಮುಖಕ್ಕೆ ಒಂದೊಂದು ಅಂಕಿ, ಸೊನ್ನೆಯಿಂದ ಒಂಬತ್ತರವರೆಗೆ. ಇಪ್ಪತ್ತು ಸಲ ಬಿದ್ದ ಅಂಕಿಗಳನ್ನು ಬಿದ್ದ ಕ್ರಮದಲ್ಲೇ ಬರೆದುಕೊಂಡರು. ಆ ಇಪ್ಪತ್ತಂಕಿಯ ಸಂಖ್ಯೆಯೇ ಬೀಜ. ಬಹಿರಂಗವಾಗಿ ಪ್ರಕಟಿಸಿದ ಸೂತ್ರವೊಂದಕ್ಕೆ ಅದನ್ನು ಹಾಕಿದರೆ ಯಂತ್ರದ ಎಣಿಕೆ ಸರಿಯೇ ಎಂದು ತಿಳಿಯಲು ಯಾವ ಪೆಟ್ಟಿಗೆಯ ಎಷ್ಟನೇ ಮತಪತ್ರವನ್ನು ತೆಗೆದು ನೋಡಬೇಕು ಎಂಬ ಪಟ್ಟಿ ಬರುತ್ತದೆ. ಮನೆಯಲ್ಲಿ ಕೂತು ಅದೇ ಬೀಜ ಹಾಕಿದವರಿಗೂ ಅದೇ ಪಟ್ಟಿ.

ದಾಳ ಎಂದೊಡನೆ ನಮ್ಮ ಮನಸ್ಸು ಹೋಗುವುದು ಹಸ್ತಿನಾವತಿಯ ಸಭೆಗೆ. ಅಲ್ಲಿ ಉರುಳಿದ ದಾಳಕ್ಕೆ ಒಬ್ಬ ಒಡೆಯನಿದ್ದ. ಅವನು ಕೂಗಿದ ಗರವೇ ಬೀಳುತ್ತಿತ್ತು, ಧರ್ಮರಾಯನ ರಾಜ್ಯ ಹೋಯಿತು. ಡೆನ್ವರ್‌ನ ದಾಳಕ್ಕೆ ಒಡೆಯನಿಲ್ಲ. ಏನು ಬೀಳುತ್ತದೆ ಎಂಬುದು ಯಾರಿಗೂ ಮುಂಚೆ ಗೊತ್ತಿರಬಾರದು ಎಂಬ ಒಂದೇ ಗುಣಕ್ಕಾಗಿ ಅದನ್ನು ಅಲ್ಲಿಗೆ ತಂದದ್ದು. ಸಭೆಯನ್ನೇ ಮುಳುಗಿಸಿದ ವಸ್ತು ಇಲ್ಲಿ ಸಭೆಯ ಮಾನ ಕಾಯುತ್ತಿದೆ. ನನಗೆ ಇದನ್ನು ಎಷ್ಟು ಸಲ ನೆನೆದರೂ ಸಾಲದು.

ಇನ್ನೊಂದು ಸೂಕ್ಷ್ಮವಿದೆ. ದಾಳ ಉರುಳುವ ಮೊದಲೇ ಪ್ರತಿ ಕೌಂಟಿಯೂ, ಎಂದರೆ ಅಲ್ಲಿಯ ಜಿಲ್ಲೆಯೂ, ತನ್ನ ಲೆಕ್ಕವನ್ನು ಒಪ್ಪಿಸಿ ಕೈ ಕಟ್ಟಿಕೊಳ್ಳಬೇಕು: ಯಾವ ಪೆಟ್ಟಿಗೆಯಲ್ಲಿ ಎಷ್ಟು ಮತಪತ್ರಗಳಿವೆ, ಒಂದೊಂದು ಮತಪತ್ರವನ್ನೂ ಯಂತ್ರ ಹೇಗೆ ಓದಿತು. ಆಮೇಲೆ ಒಂದಕ್ಷರ ತಿದ್ದಿದರೂ ಗೊತ್ತಾಗುವಂತೆ ಆ ಕಡತಕ್ಕೆ ಡಿಜಿಟಲ್ ಮುದ್ರೆ ಬಿದ್ದಿರುತ್ತದೆ. ಎಲ್ಲಿ ನೋಡುತ್ತಾರೆಂದು ಗೊತ್ತಾಗುವ ಹೊತ್ತಿಗೆ ತಿದ್ದುವ ಹೊತ್ತು ಮುಗಿದಿದೆ. ಬಳಿಕ ಎರಡು ಪಕ್ಷಗಳ ಕಡೆಯವರು ಒಟ್ಟಿಗೆ ಕೂತು, ಆಯ್ದ ಮತಪತ್ರ ಕೈಗೆತ್ತಿಕೊಂಡು, ಕಣ್ಣಿಗೆ ಕಂಡದ್ದನ್ನು ದಾಖಲಿಸುತ್ತಾರೆ. ಯಂತ್ರ ಏನೆಂದಿತ್ತು ಎಂಬುದನ್ನು ಅವರಿಗೆ ತೋರಿಸುವುದಿಲ್ಲ.

ಇದಕ್ಕೆ ರಿಸ್ಕ್-ಲಿಮಿಟಿಂಗ್ ಆಡಿಟ್ ಎಂದು ಹೆಸರು. ತಪ್ಪಿಗೆ ಮೊದಲೇ ಮಿತಿ ಹಾಕಿಕೊಂಡು ಮಾಡುವ ತಪಾಸಣೆ. ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಇದನ್ನು ರೂಪಿಸಿದರು. 2008ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಮೊದಲು ಪ್ರಯೋಗಿಸಿದರು. ಇಡೀ ರಾಜ್ಯಕ್ಕೆ ಅನ್ವಯಿಸಿದ್ದು ಕೊಲೊರಾಡೊ ಮೊದಲು. ಇದರ ಚೆಲುವೆಲ್ಲ ಇರುವುದು ಅದು ಹಿಡಿಯುವ ಪಟ್ಟಿನಲ್ಲಿ. ಪ್ರಕಟವಾದ ಫಲಿತಾಂಶ ಸರಿಯಿದೆ, ತಪ್ಪಿದ್ದರೆ ತೋರಿಸಿ ಎಂದು ಅದು ಹೇಳುವುದಿಲ್ಲ. ಫಲಿತಾಂಶ ತಪ್ಪೇ ಎಂದು ಹಿಡಿದು ಕೂರುತ್ತದೆ. ಅಲ್ಲ ಎಂದು ಒಪ್ಪಿಸುವ ಹೊಣೆ ಕಾಗದದ್ದು.

ಕಾಗದ ಹೇಗೆ ಒಪ್ಪಿಸುತ್ತದೆ? 2012ರಲ್ಲಿ ಸ್ಟಾರ್ಕ್ ಮತ್ತು ಸಂಗಡಿಗರು ಕೊಟ್ಟ ಒಂದು ಕ್ರಮವನ್ನು ಪೆನ್ನು ಹಿಡಿದು ಮಾಡಿ ನೋಡಬಹುದು. ಇಬ್ಬರೇ ಅಭ್ಯರ್ಥಿಗಳು, ಗೆದ್ದವರಿಗೆ ನೂರಕ್ಕೆ 60, ಸೋತವರಿಗೆ 40 ಎಂದು ಯಂತ್ರ ಹೇಳಿದೆ ಎಂದುಕೊಳ್ಳಿ. ಹಾಳೆಯ ಮೇಲೆ 1 ಎಂದು ಬರೆಯಿರಿ. ಲಾಟರಿ ಎತ್ತಿದ ಹಾಗೆ ಒಂದು ಮತಪತ್ರ ತೆಗೆಯಿರಿ. ಗೆದ್ದವರದಾದರೆ 1.2ರಿಂದ ಗುಣಿಸಿ, ಸೋತವರದಾದರೆ 0.8ರಿಂದ. ಮೊದಲೆರಡು ಗೆದ್ದವರವು: 1.2, 1.44. ಮೂರನೆಯದು ಸೋತವರದು: 1.15ಕ್ಕೆ ಇಳಿಯಿತು. ನಾಲ್ಕನೆಯದು ಗೆದ್ದವರದು: 1.38. ಏರುತ್ತದೆ, ಜಾರುತ್ತದೆ, ಮತ್ತೆ ಏರುತ್ತದೆ. 20 ಮುಟ್ಟಿದ ದಿನ ಎಣಿಕೆ ನಿಲ್ಲಿಸಬಹುದು.

20 ಯಾಕೆ? ನಿಜವಾಗಿ ಇಬ್ಬರಿಗೂ ಸಮ ಮತ ಬಿದ್ದಿತ್ತು, ಯಂತ್ರ ಸುಳ್ಳು ಹೇಳಿತ್ತು ಎನ್ನಿ. ಆಗ 1.2 ಬರುವ ಸಂಭವವೂ 0.8 ಬರುವ ಸಂಭವವೂ ಒಂದೇ, ಎರಡರ ಸರಾಸರಿ ಸರಿಯಾಗಿ 1. ಸರಾಸರಿಯಲ್ಲಿ 1 ಬಿಟ್ಟು ಕದಲದ ಸಂಖ್ಯೆ 20ಕ್ಕೆ ಹತ್ತುವುದು ಇಪ್ಪತ್ತು ಸಲದಲ್ಲಿ ಒಂದು ಸಲಕ್ಕಿಂತ ಹೆಚ್ಚು ಆಗಲಾರದು. ಗೆದ್ದವರೆಂದು ಸಾರಿದವರು ನಿಜಕ್ಕೂ ಸೋತಿದ್ದರೆ ಹತ್ತುವುದು ಇನ್ನೂ ಕಷ್ಟ. ಯಂತ್ರ ಹೇಳಿದ್ದು ನಿಜವಾಗಿದ್ದರೆ ಸರಾಸರಿ ನೂರೈವತ್ತರ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ಸಂಖ್ಯೆ ಹತ್ತದೇ ಹೋದರೆ ಎಣಿಸುತ್ತಾ ಹೋಗಬೇಕು, ಕೊನೆಯ ಮತಪತ್ರದವರೆಗೂ. ಇಷ್ಟು ಸಣ್ಣ ಗುಣಾಕಾರದೊಳಗೆ ಇಷ್ಟು ದೊಡ್ಡ ಜಗಳ ತೀರುವುದನ್ನು ಕಂಡಾಗ ಒಳ್ಳೆಯ ಆಲಾಪನೆ ಷಡ್ಜಕ್ಕೆ ಬಂದು ನಿಂತಂತೆ ಅನಿಸುತ್ತದೆ.

ಈ ನೂರೈವತ್ತು ಎಂಬುದು ಹತ್ತು ಸಾವಿರ ಮತಗಳಿದ್ದರೂ ಅಷ್ಟೇ, ಹತ್ತು ಕೋಟಿಯಿದ್ದರೂ ಹೆಚ್ಚುಕಡಿಮೆ ಅಷ್ಟೇ. ಮದುವೆಮನೆಯ ಅಡುಗೆಯವರನ್ನು ಕೇಳಿದರೆ ಅವರಿಗೆ ಇದರಲ್ಲಿ ಅಚ್ಚರಿ ಕಾಣದು. ಹಂಡೆ ದೊಡ್ಡದೆಂದು ಅವರು ಸೇರುಗಟ್ಟಲೆ ಅನ್ನ ಹಿಚುಕಿ ನೋಡುವುದಿಲ್ಲ. ಆದರೆ ಸೌಟನ್ನು ತಳದವರೆಗೆ ಇಳಿಸಿ ತಿರುವುತ್ತಾರೆ, ಆಮೇಲೆ ನಾಲ್ಕು ಅಗುಳು. ಆ ತಿರುವುವ ಕೆಲಸವೇ ದಾಳದ್ದು.

ಸಾಕೆನಿಸಿದಾಗ ನಿಲ್ಲಿಸುವುದಕ್ಕೂ ಒಂದು ಶಾಸ್ತ್ರ ಬೇಕು ಎಂದು ಕಂಡುಕೊಂಡವರು ಅಬ್ರಹಾಂ ವಾಲ್ಡ್. ಎರಡನೇ ಮಹಾಯುದ್ಧದ ಕಾಲ. ಮದ್ದುಗುಂಡು ಪರೀಕ್ಷೆಗೆ ಸಾವಿರಾರು ಗುಂಡು ಹಾರಿಸುವ ಬದಲು, ಅನುಭವಿ ಅಧಿಕಾರಿ ಕೆಲವನ್ನೇ ನೋಡಿ ಇನ್ನು ಬೇಡ ಎನ್ನಬಲ್ಲನಲ್ಲ ಎಂದು ನೌಕಾಪಡೆಯವರೊಬ್ಬರು ಆಡಿದ ಮಾತು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಡ್ ಅವರ ಕಿವಿಗೆ ಬಿತ್ತು. ಆ ಅನುಭವಿಯ ಅಂದಾಜನ್ನು ಅವರು ಗಣಿತವಾಗಿಸಿದರು. ಯುದ್ಧದ ಗುಟ್ಟೆಂದು ಮುಚ್ಚಿಟ್ಟಿದ್ದ ಆ ಕ್ರಮ 1945ರಲ್ಲಿ ಹೊರಬಂತು. ಹಾಳೆಯ ಮೇಲೆ ನಾವು ಮಾಡಿದ ಗುಣಾಕಾರ ಅದೇ. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಗಳಿಗಾಗಿ ಬಂದಿದ್ದ ವಾಲ್ಡ್ 1950ರ ಡಿಸೆಂಬರ್ 13ರಂದು ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪ್ಪಳಿಸಿ, ಹೆಂಡತಿಯೊಡನೆ ತೀರಿಕೊಂಡರು. ವಯಸ್ಸು 48. ನಮ್ಮ ಗುಂಡ್ಲುಪೇಟೆಯ ಬಯಲಿಂದ ದಕ್ಷಿಣಕ್ಕೆ ನೋಡಿದರೆ ನೀಲಿಯಾಗಿ ನಿಂತಿರುವ ಬೆಟ್ಟಸಾಲು ಅದು. ಅದನ್ನು ಕಂಡಾಗಲೆಲ್ಲ ನನಗೆ ಈಗ ಅವರ ನೆನಪು.

ಪೂರ್ತಿ ಎಣಿಸಬೇಕಾಗಿ ಬಂದದ್ದೂ ಉಂಟು. 2020ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಅಧ್ಯಕ್ಷ ಚುನಾವಣೆಯ ಅಂತರ ಸುಮಾರು ಹನ್ನೆರಡು ಸಾವಿರ ಮತ. ಅಷ್ಟು ಕೂದಲೆಳೆಯ ಅಂತರಕ್ಕೆ ಸ್ಯಾಂಪಲ್ ತೆಗೆಯುತ್ತಾ ಕೂರುವ ಬದಲು ಸುಮಾರು 50 ಲಕ್ಷ ಮತಪತ್ರಗಳನ್ನೂ ಕೈಯಲ್ಲೇ ಎಣಿಸಿದರು. ಫ್ಲಾಯ್ಡ್ ಕೌಂಟಿಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದಿದ್ದ 2,600ರಷ್ಟು ಮತಪತ್ರಗಳು ಆಗ ಸಿಕ್ಕವು. ಗೆದ್ದವರು ಬದಲಾಗಲಿಲ್ಲ.

ನಮ್ಮಲ್ಲಿ ಕಾಗದವೆಂದರೆ ವಿವಿಪ್ಯಾಟ್ ಚೀಟಿ. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಡಬ್ಬಿಗೆ ಬೀಳುತ್ತದಲ್ಲ, ಅದು. ಎಷ್ಟು ಯಂತ್ರಗಳ ಚೀಟಿ ಎಣಿಸಬೇಕು ಎಂದು ಚುನಾವಣಾ ಆಯೋಗ ಕೇಳಿದಾಗ, 2019ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಭಯ್ ಭಟ್, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ರಾಜೀವ ಕರಂದೀಕರ್ ಮೊದಲಾದವರ ಸಮಿತಿ ಹೇಳಿದ ಸಂಖ್ಯೆ 479. ದೇಶದ ಹತ್ತು ಲಕ್ಷ ಚಿಲ್ಲರೆ ಯಂತ್ರಗಳಲ್ಲಿ ನೂರಕ್ಕೆ ಎರಡು ಕೆಟ್ಟಿದ್ದರೆ, 479ರಲ್ಲಿ ಒಂದಾದರೂ ಸಿಕ್ಕಿಬೀಳುವ ಸಂಭವ 99.99%ಕ್ಕಿಂತ ಹೆಚ್ಚು. 0.98ನ್ನು 479 ಸಲ ಗುಣಿಸಿ ನೋಡಿ, ಉಳಿಯುವುದು ಒಂದು ಚಿಟಿಕೆಯೂ ಅಲ್ಲ. ಲೆಕ್ಕ ಅಪ್ಪಟ. ಆದರೆ ಅದು ಇಡೀ ದೇಶವನ್ನು ಒಂದೇ ಹಂಡೆ ಎಂದು ಹಿಡಿದ ಲೆಕ್ಕ. ಮತದಾರನಿಗೆ ಬೇಕಾದದ್ದು ತನ್ನ ಕ್ಷೇತ್ರದ ಒಲೆಯ ಮೇಲಿನ ಪಾತ್ರೆ ಬೆಂದಿದೆಯೇ ಎಂಬುದು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿ ಎಣಿಸಿ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ಆದೇಶಿಸಿತು. ಮೊದಲು ಒಂದೇ ಇತ್ತು. ಐದು ದೊಡ್ಡ ಹೆಜ್ಜೆ. ಆದರೂ 200 ಮತಗಟ್ಟೆಗಳ ಕ್ಷೇತ್ರದಲ್ಲಿ ನಾಲ್ಕು ಯಂತ್ರ ಕೆಟ್ಟಿದ್ದರೆ, ಐದರ ಸ್ಯಾಂಪಲ್ ಆ ನಾಲ್ಕನ್ನೂ ಕಾಣದೆ ಹೋಗುವ ಸಂಭವ ನೂರಕ್ಕೆ 90. ಗೆಲುವಿನ ಅಂತರ ಸಣ್ಣದಾದಷ್ಟೂ ಸ್ಯಾಂಪಲ್ ದೊಡ್ಡದಾಗಬೇಕು. ಕೊಲೊರಾಡೊದ ಕ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಇದು ನಮ್ಮಲ್ಲಿಗೂ ಬರಲಿ ಎಂದು ಮನಸಾರೆ ಬಯಸುತ್ತೇನೆ.

ದಾಳದ ಕೆಲಸ ಮಾತ್ರ ನಮ್ಮವರಿಗೂ ಚೆನ್ನಾಗಿ ಗೊತ್ತು. ಎಣಿಕೆ ಕೇಂದ್ರದಲ್ಲಿ ಆ ಐದು ಮತಗಟ್ಟೆಗಳನ್ನು ಆರಿಸುವುದು ಚೀಟಿ ಎತ್ತಿ. ಪೋಸ್ಟ್‌ಕಾರ್ಡ್ ಅಳತೆಯ ಬಿಳಿ ಕಾಗದ, ಒಂದು ಮತಗಟ್ಟೆಗೆ ಒಂದು. ನಡುವೆ ಮತಗಟ್ಟೆಯ ಸಂಖ್ಯೆ ಕಪ್ಪು ಮಸಿಯಲ್ಲಿ, ಒಂದೊಂದು ಅಂಕಿಯೂ ಇಂಚಿಗೆ ಕಡಿಮೆಯಿಲ್ಲದಂತೆ, ಹಿಂದೆ ನಿಂತವರಿಗೂ ಕಾಣುವಷ್ಟು. ಪ್ರತಿಯೊಂದನ್ನೂ ಮೊದಲು ಅಭ್ಯರ್ಥಿಗಳ ಏಜೆಂಟರಿಗೆ ಎತ್ತಿ ತೋರಿಸಬೇಕು. ಆಮೇಲೆ ಸಂಖ್ಯೆ ಕಾಣದಂತೆ ನಾಲ್ಕು ಮಡಿಕೆ ಮಡಿಚಿ ಡಬ್ಬಿಗೆ ಹಾಕಬೇಕು. ಕೊನೆಯದೂ ಬಿದ್ದ ಮೇಲೆ ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು.