ಮಣಿಕಟ್ಟಿನಿಂದ ಮಹಾಪಧಮನಿಗೆ

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಾಗ ಸಿಗುವುದು ತೋಳಿನ ರಕ್ತದೊತ್ತಡ. ಹೃದಯ ಪ್ರತಿ ಬಡಿತಕ್ಕೂ ಸೆಣಸಬೇಕಾದದ್ದು ತನ್ನ ಬಾಗಿಲಲ್ಲೇ ಇರುವ ಮಹಾಪಧಮನಿಯ, ವೈದ್ಯರು ಅಯೋರ್ಟಾ ಎನ್ನುವ ದೊಡ್ಡ ರಕ್ತನಾಳದ, ಒತ್ತಡದ ಜೊತೆ. ಆರೋಗ್ಯವಂತ ಯುವಕರಲ್ಲಿ ತೋಳಿನ ಮೇಲಿನ ಅಂಕಿ ಅಯೋರ್ಟಾದ ಅಂಕಿಗಿಂತ 10–15 ಪಾಯಿಂಟ್ ಹೆಚ್ಚಿರುವುದು ಸಾಮಾನ್ಯ. ಹೃದಯದಿಂದ ಹೊರಟ ಒತ್ತಡದ ಅಲೆ ಕೈಯ ಸಣ್ಣ, ಬಿರುಸಾದ ನಾಳಗಳಿಗೆ ಬರುತ್ತ, ಅಲ್ಲಿಂದ ಮರಳುವ ಅಲೆಯೊಡನೆ ಸೇರಿಕೊಂಡು ಮೊನಚಾಗುತ್ತದೆ. ಕೆಳಗಿನ ಅಂಕಿ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಯೋರ್ಟಾದ ಒತ್ತಡವನ್ನು ನೇರವಾಗಿ ಅಳೆಯಲು ಕ್ಯಾಥೆಟರ್ ಎಂಬ ತೆಳು ನಳಿಕೆಯನ್ನು ರಕ್ತನಾಳದೊಳಗೆ ಇಳಿಸಬೇಕು, ಬಿ.ಪಿ. ತೋರಿಸಲು ಬಂದವರಿಗೆಲ್ಲ ಹಾಗೆ ಮಾಡಲಾಗದು. ಅದಕ್ಕಾಗಿಯೇ ಮಣಿಕಟ್ಟಿನ ನಾಡಿಯಿಂದ ಅಯೋರ್ಟಾದ ಒತ್ತಡವನ್ನು ಲೆಕ್ಕಹಾಕಿ ಹೇಳುವ ಪದ್ಧತಿ ಹುಟ್ಟಿತು. ಅದರ ಮೇಲೆ ನನಗೆ ಗೌರವವಿದೆ, ತಕರಾರೂ ಇದೆ.

ನೇರ ಅಳತೆ ಹೇಗಿರುತ್ತದೆಂದು ತಿಳಿಯಲು ಸ್ಟೀಫನ್ ಹೇಲ್ಸ್‌ನ ಪ್ರಯೋಗ ನೋಡಬೇಕು. ಈತ ಇಂಗ್ಲೆಂಡಿನ ಟೆಡಿಂಗ್ಟನ್‌ನ ಪಾದ್ರಿ. ಹೆಣ್ಣು ಕುದುರೆಯೊಂದನ್ನು ಕೆಡವಿ ಕಟ್ಟಿಸಿ, ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ನಳಿಕೆ ಜೋಡಿಸಿದ. ನಾಳಕ್ಕೆ ಬಿಗಿದಿದ್ದ ದಾರ ಸಡಿಲಿಸಿದೊಡನೆ ರಕ್ತ ನಳಿಕೆಯಲ್ಲಿ ಏರತೊಡಗಿ, ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಬಂತು. ಅಲ್ಲಿಯೂ ಅದು ಸುಮ್ಮನೆ ನಿಲ್ಲದೆ ಪ್ರತಿ ಬಡಿತಕ್ಕೂ ಎರಡು, ಮೂರು, ನಾಲ್ಕು ಅಂಗುಲ ಏರಿಳಿಯುತ್ತಿದ್ದುದನ್ನು ಆತ 1733ರ ‘ಹೀಮಸ್ಟಾಟಿಕ್ಸ್’ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಕುದುರೆ ಬದುಕಲಿಲ್ಲ. ಆ ಕ್ರೌರ್ಯವನ್ನು ಮರೆಯದೆಯೂ ಒಂದು ಮಾತು ಒಪ್ಪಲೇಬೇಕು: ಅಲ್ಲಿ ಕಂಡ ಅಂಕಿಗೂ ರಕ್ತಕ್ಕೂ ನಡುವೆ ಯಾವ ಸೂತ್ರವೂ ಇರಲಿಲ್ಲ.

ಸೂತ್ರ ಕೊಟ್ಟವನು ಜರ್ಮನಿಯ ಒಟ್ಟೊ ಫ್ರಾಂಕ್, 1899ರಲ್ಲಿ. ಹಳೆಯ ಅಗ್ನಿಶಾಮಕ ಪಂಪಿನಲ್ಲಿ ಗಾಳಿ ತುಂಬಿದ ಕೋಣೆಯೊಂದಿರುತ್ತಿತ್ತು. ಪಂಪು ತಳ್ಳಿತಳ್ಳಿ ನೀರು ನೂಕಿದರೂ ಒತ್ತಿಕೊಂಡ ಗಾಳಿ ಹಿಗ್ಗುವಾಗ ಕೊಳವೆಯಿಂದ ನೀರು ಒಂದೇ ಸಮ ಹರಿಯುತ್ತಿತ್ತು. ಅಪಧಮನಿಗಳ ಹಿಗ್ಗುಕುಗ್ಗುವಿಕೆಯಲ್ಲಿ ಇದೇ ಕೆಲಸವನ್ನು ಹೇಲ್ಸ್ ಆಗಲೇ ಗುರುತಿಸಿದ್ದ. ಫ್ರಾಂಕ್ ಅದಕ್ಕೆ ಗಣಿತ ಕೊಟ್ಟ. ಆ ಕೋಣೆಯ ಜರ್ಮನ್ ಹೆಸರೇ ವಿಂಡ್‌ಕೆಸೆಲ್. ನಾಳ ಎಷ್ಟು ಹಿಗ್ಗುತ್ತದೆ, ಮುಂದಿನ ಸಣ್ಣ ನಾಳಗಳು ಎಷ್ಟು ತಡೆಯುತ್ತವೆ ಎಂಬ ಎರಡೇ ಸಂಗತಿ ಸಾಕು, ಹೃದಯ ವಿರಮಿಸಿದಾಗ ಒತ್ತಡ ಹೇಗೆ ಇಳಿಯುತ್ತದೆಂದು ಹೇಳಬಹುದು. ವಯಸ್ಸಾದವರಲ್ಲಿ 160/70ರಂಥ ರೀಡಿಂಗ್ ಏಕೆ ಬರುತ್ತದೆ? ನಾಳ ಬಿರುಸಾಗಿ ಹಿಗ್ಗದಾದಾಗ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಇಷ್ಟೊಂದು ವಿವರಿಸಿದ ಮಾದರಿ ಶರೀರಶಾಸ್ತ್ರದಲ್ಲಿ ಅಪರೂಪ.

ಆದರೆ ಫ್ರಾಂಕ್‌ನ ಕೋಣೆಯಲ್ಲಿ ದೂರ ಎಂಬುದೇ ಇಲ್ಲ. ಒತ್ತಡ ಎಲ್ಲೆಡೆ ಒಂದೇ ಕ್ಷಣಕ್ಕೆ ಏರುತ್ತದೆ, ಒಂದೇ ಕ್ಷಣಕ್ಕೆ ಇಳಿಯುತ್ತದೆ. ನಿಜವಾದ ದೇಹದಲ್ಲಿ ಅಲೆ ಅಯೋರ್ಟಾದಲ್ಲಿ ಎಳೆಯರಲ್ಲಿ ಸೆಕೆಂಡಿಗೆ 5–6 ಮೀಟರ್, ಮುಪ್ಪಿನಲ್ಲಿ 10 ಮೀಟರಿಗೂ ಮಿಕ್ಕಿ ಸಾಗುತ್ತದೆ. ಹಾಗಾಗಿ ತೋಳಿಗೂ ಅಯೋರ್ಟಾಕ್ಕೂ ಇರುವ ವ್ಯತ್ಯಾಸವನ್ನು ಹೇಳಲು ಈ ಸಮೀಕರಣಕ್ಕೆ ಬಾಯೇ ಇಲ್ಲ. ಫ್ರಾಂಕ್‌ಗೆ ಇದು ಗೊತ್ತಿತ್ತು. ಅಲೆಗಳ ಬಗ್ಗೆ ಅವನೇ ಮುಂದೆ ಬರೆದ.

ಈಗ ಮಣಿಕಟ್ಟಿಗೆ ಬರೋಣ. ಪೆನ್ನಿನಂಥ ಸಂವೇದಕವನ್ನು ನಾಡಿಯ ಮೇಲಿಟ್ಟು ಮೂಳೆಗೆ ಹದವಾಗಿ ಒತ್ತುತ್ತಾರೆ. ಪರದೆಯಲ್ಲಿ ಅಲೆಯ ರೂಪ ಮೂಡುತ್ತದೆ. ಹಿಂದೆ ಕ್ಯಾಥೆಟರ್ ಹಾಕಿಸಿಕೊಂಡವರ ಅಯೋರ್ಟಾ ಮತ್ತು ಮಣಿಕಟ್ಟಿನ ಅಲೆಗಳನ್ನು ಹೋಲಿಸಿ ತೆಗೆದ ಸರಾಸರಿ ಸೂತ್ರದ ಮೂಲಕ ಯಂತ್ರ ಅಯೋರ್ಟಾದ ಅಲೆಯನ್ನು ಕಟ್ಟಿಕೊಡುತ್ತದೆ. ಸಿಡ್ನಿಯ ಮೈಕೆಲ್ ಒ’ರೂರ್ಕ್ ಮತ್ತು ಜೊತೆಗಾರರು ಬೆಳೆಸಿದ ಈ ವಿಧಾನ ಟೊಳ್ಳಲ್ಲ. 2006ರಲ್ಲಿ ಪ್ರಕಟವಾದ ‘ಕೆಫೆ’ ಅಧ್ಯಯನದಲ್ಲಿ ಬಿ.ಪಿ. ಇಳಿಸುವ ಔಷಧಗಳ ಪೈಕಿ ಅಟೆನೊಲಾಲ್ ಆಧಾರಿತ ಚಿಕಿತ್ಸೆ ಪಡೆದವರಿಗೂ ಆಮ್ಲೊಡಿಪಿನ್ ಆಧಾರಿತ ಚಿಕಿತ್ಸೆ ಪಡೆದವರಿಗೂ ತೋಳಿನ ಮೇಲಿನ ಅಂಕಿ ಸರಿಸುಮಾರು ಒಂದೇ ಇತ್ತು. ಅಂದಾಜಿಸಿದ ಅಯೋರ್ಟಾದ ಅಂಕಿ ಆಮ್ಲೊಡಿಪಿನ್ ಗುಂಪಿನಲ್ಲಿ ಸರಾಸರಿ 4.3 ಪಾಯಿಂಟ್ ಕಡಿಮೆ ಇತ್ತು. ತೋಳಿನ ಪಟ್ಟಿಗೆ ಕಾಣದ ವ್ಯತ್ಯಾಸ ಇದು.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಸಂವೇದಕ ಕೊಡುವುದು ಅಲೆಯ ಆಕಾರವನ್ನು ಮಾತ್ರ. ಎತ್ತರ ಎಷ್ಟೆಂಬುದು ಅದಕ್ಕೆ ತಿಳಿಯದು. ಆ ಎತ್ತರ ಬರುವುದು ಅದೇ ತೋಳಿನ ಪಟ್ಟಿಯಿಂದ. ನಾಳದೊಳಗಿನ ನೇರ ಅಳತೆಗೆ ಹೋಲಿಸಿದರೆ ಪಟ್ಟಿ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ ಕಡಿಮೆ, ಕೆಳಗಿನದನ್ನು ಹೆಚ್ಚು ತೋರಿಸುತ್ತದೆ. ಆ ತಪ್ಪು ಇಡಿಯಾಗಿ ಅಯೋರ್ಟಾದ ಲೆಕ್ಕಕ್ಕೆ ದಾಟುತ್ತದೆ. ಪಟ್ಟಿಯ ಮೇಲಿನ–ಕೆಳಗಿನ ಅಂಕಿಗಳಿಂದ ಹೊಂದಿಸಿದರೆ ಒಂದು ಫಲಿತಾಂಶ, ಸರಾಸರಿ–ಕೆಳಗಿನ ಅಂಕಿಗಳಿಂದ ಹೊಂದಿಸಿದರೆ ಇನ್ನೊಂದು. ರೋಗಿ ಒಬ್ಬರೇ, ಅಲೆಯೂ ಅದೇ. ಮುದ್ರಿತ ವರದಿಯಲ್ಲಿ ಮಾತ್ರ ‘ಅಯೋರ್ಟಾದ ಒತ್ತಡ’ ಎಂದು ಅಳೆದ ಅಂಕಿಯ ಠೀವಿಯಲ್ಲೇ ಕೂತಿರುತ್ತದೆ.

ಕಂಪ್ಯೂಟರ್ ಬಿಡಿಸುವ ಕೆಂಪು–ನೀಲಿ ರಕ್ತಹರಿವಿನ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಾಳದ ಆಕಾರ ಆ ರೋಗಿಯ ಸಿ.ಟಿ. ಸ್ಕ್ಯಾನಿನದೇ, ಸರಿ. ಆದರೆ ಕವಲುಗಳ ತುದಿಯಲ್ಲಿ ಸಾಮಾನ್ಯವಾಗಿ ಕೂರಿಸುವುದು ಫ್ರಾಂಕ್‌ನ ಕೋಣೆಯ ಸುಧಾರಿತ ರೂಪವನ್ನೇ, ಅದರ ಮೌಲ್ಯಗಳನ್ನು ಹೊಂದಿಸುವುದು ಅನೇಕ ಸಲ ತೋಳಿನ ಬಿ.ಪಿ.ಗೇ. ಗೋಡೆ ಅಲುಗುವುದೇ ಇಲ್ಲ ಎಂದುಕೊಂಡು ಮಾಡಿದ ಲೆಕ್ಕಗಳೂ ಬೇಕಾದಷ್ಟಿವೆ. ಹಿಗ್ಗುವುದೇ ಕಸುಬಾದ ನಾಳವನ್ನು ಕಬ್ಬಿಣದ ಪೈಪಿನಂತೆ ಕಾಣುವುದನ್ನು ನಾನು ಒಪ್ಪಲಾರೆ.

ವರದಿಯಲ್ಲಿ ತೋಳಿನ ರೀಡಿಂಗ್, ಹೊಂದಿಸಿದ ಕ್ರಮ, ಬಳಸಿದ ಸೂತ್ರ ಮೂರನ್ನೂ ಅಯೋರ್ಟಾದ ಅಂಕಿಯ ಪಕ್ಕದಲ್ಲೇ ಅಚ್ಚುಹಾಕಬೇಕು. ಇನ್ನೊಂದು ಕೆಲಸ ನಮ್ಮಲ್ಲೇ ಆಗಬಹುದು. ಬೆಂಗಳೂರಿನ ಜಯದೇವದಂಥ ಹೃದ್ರೋಗ ಆಸ್ಪತ್ರೆಗಳಲ್ಲಿ ಆಂಜಿಯೋಗ್ರಾಂ ದಿನನಿತ್ಯದ ಕೆಲಸ. ಕ್ಯಾಥೆಟರ್ ಅಯೋರ್ಟಾದಲ್ಲಿರುವಾಗ ನಿಜವಾದ ಒತ್ತಡದ ಗೆರೆ ಪರದೆಯ ಮೇಲೆ ಓಡುತ್ತಿರುತ್ತದೆ. ರೋಗಿಯ ಒಪ್ಪಿಗೆ ಪಡೆದು, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಪಟ್ಟಿಯ ರೀಡಿಂಗನ್ನೂ ಮಣಿಕಟ್ಟಿನ ಅಲೆಯನ್ನೂ ದಾಖಲಿಸಿಟ್ಟರೆ, ಬೇರೆಡೆಯ ಜನರ ಮೇಲೆ ಕಟ್ಟಿದ ಸರಾಸರಿ ಸೂತ್ರ ನಮ್ಮವರ ಎತ್ತರ, ವಯಸ್ಸು, ಸಕ್ಕರೆ ಕಾಯಿಲೆಗಳ ನಡುವೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಅಂಕಿಗಳೇ ತೋರಿಸುತ್ತವೆ.