ಹಂದಿಗೋಡು ವ್ಯಾಧಿ: ಸಂಜ್ಞೆಯೂ ಲಕ್ಷಣವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ತೆಂಗಿನ ಗರಿ ಹಳದಿಯಾಗಿ ಜೋತುಬಿದ್ದರೆ ಅನುಭವಸ್ಥನಾದ ಬೇಸಾಯಗಾರನು ಅಷ್ಟರಿಂದಲೇ ಅದನ್ನು ಅಣಬೆರೋಗವೆಂದು ನಿರ್ಣಯಿಸುವುದಿಲ್ಲ. ನೀರಿನ ಅಭಾವದಿಂದಲೂ ಗರಿ ಹಾಗಾಗುವುದುಂಟು. ಬುಡದಲ್ಲಿ ಕಂದುರಸ ಒಸರುತ್ತಿದೆಯೆ, ಬೇರು ಕೊಳೆತಿದೆಯೆ ಎಂದು ನೋಡಿದ ಮೇಲೆಯೇ ಹೆಸರು ಹೇಳುತ್ತಾನೆ. ಮಕ್ಕಳ ವ್ಯಾಧಿಯ ವಿಷಯದಲ್ಲಿ ಈ ವಿವೇಕವು ಎಷ್ಟು ಅವಶ್ಯಕವೆಂಬುದಕ್ಕೆ ಮಲೆನಾಡಿನಲ್ಲಿ ಒಂದು ನಿದರ್ಶನವಿದೆ.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂದ ವಿರಳವ್ಯಾಧಿಯಲ್ಲಿ ಸೊಂಟದ ಕೀಲು ನೊಂದು ನಡಿಗೆ ಕೆಡುತ್ತದೆ. ಕೆಲವರಲ್ಲಿ ಬೆನ್ನೆಲುಬೂ ವಿಕೃತವಾಗುತ್ತದೆ. ಕೆಲವರು ಕುಳ್ಳರಾಗಿಯೇ ಉಳಿಯುತ್ತಾರೆ. 1977ರಲ್ಲಿ ಪ್ರಕಟವಾದ ವೈದ್ಯಲೇಖನವೊಂದು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂಬ ಅರ್ಥದ ಹೆಸರಿನಿಂದ ಕರೆಯಿತು. ಲೋಕದಲ್ಲಿ ಊರಿನ ಹೆಸರೇ ನಿಂತಿತು.

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ದೋಷತ್ರಯದಿಂದ ಮುಕ್ತವಾಗಿರಬೇಕೆಂಬುದು ತಾರ್ಕಿಕರ ಮತ. ಕೀಲು ನೋಯುವ ಮೊದಲೇ ಬೆಳವಣಿಗೆ ಕುಂದಿರುವ ಮಗುವನ್ನು ಸಂಧಿವಾತವೆಂಬ ಮಾತು ಒಳಗೊಳ್ಳದು; ಇದು ಅವ್ಯಾಪ್ತಿ. ಅನ್ಯವಾದ ಕೀಲುಬೇನೆಗಳಿಗೂ ಅದು ಸಲ್ಲುತ್ತದೆ, ಇದು ಅತಿವ್ಯಾಪ್ತಿ. ಊರಿನ ಹೆಸರಿಗೂ ಇದೇ ಗತಿ. ವ್ಯಾಧಿಯು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಗ್ರಾಮಗಳಲ್ಲಿಯೂ ಕಂಡುಬಂದಿದೆ. ಹಂದಿಗೋಡಿನ ಮಗುವು ಬೇರೆ ಕಾರಣದಿಂದಲೂ ಕುಂಟಬಹುದು. 1990ರ ದಶಕದ ಎಕ್ಸ್‌ರೇ ಪರೀಕ್ಷೆಯೂ ವಂಶಾವಳಿಯ ಶೋಧನೆಯೂ ಮೂಲದೋಷವು ಎಲುಬಿನ ಬೆಳವಣಿಗೆಯದೆಂದೂ, ತಂದೆತಾಯಿಗಳಲ್ಲಿ ಒಬ್ಬರಿಂದಲೇ ಸಂತಾನಕ್ಕೆ ಇಳಿಯಬಲ್ಲುದೆಂದೂ ತೋರಿಸಿದುವು.

ಪ್ರಾಚೀನರ ವಿಭಾಗವೂ ಇಲ್ಲಿ ವಿಮರ್ಶಾರ್ಹವಾಗಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನವು ಶುಕ್ರಶೋಣಿತಗಳ ದೋಷದಿಂದ ಬಂದುವನ್ನು ಆದಿಬಲಪ್ರವೃತ್ತಗಳೆಂದೂ, ಗರ್ಭಿಣಿಯ ಅಪಚಾರದಿಂದ ಬಂದುವನ್ನು ಜನ್ಮಬಲಪ್ರವೃತ್ತಗಳೆಂದೂ ವಿಂಗಡಿಸಿ, ವಾಮನತ್ವವನ್ನು ಎರಡನೆಯ ವರ್ಗದಲ್ಲಿ ಇರಿಸುತ್ತದೆ. ವಿಭಾಗವು ಯುಕ್ತವೇ, ಆದರೆ ಆ ಉದಾಹರಣೆಯು ಈ ವ್ಯಾಧಿಗೆ ಒಗ್ಗದು. ಇಲ್ಲಿಯ ಕುಳ್ಳತನವು ಬೀಜದಿಂದಲೇ ಬಂದುದು; ತಾಯಿಯ ನಡತೆಯಿಂದ ಆದುದಲ್ಲ. ಎರಡನ್ನೂ “ಜನ್ಮಜಾತ” ಎಂಬ ಒಂದೇ ಪದದಿಂದ ಕರೆದರೆ ಈ ಭೇದವು ಅಳಿಸಿಹೋಗಿ, ನಿರಪರಾಧಿಯಾದ ತಾಯಿಯ ಮೇಲೆ ಅಪವಾದ ಬೀಳುವುದು.

ಆದುದರಿಂದ ಊರನ್ನಾಗಲಿ ಮೈಕಟ್ಟನ್ನಾಗಲಿ ನೋಡಿದ ಮಾತ್ರಕ್ಕೆ ಮಗುವಿಗೆ ಈ ಹೆಸರನ್ನು ಹಚ್ಚುವುದು ಸಾಧುವಲ್ಲ. ಸೊಂಟ ಬೆನ್ನೆಲುಬುಗಳ ಎಕ್ಸ್‌ರೇ ಸಾಕ್ಷ್ಯವೂ ವಂಶಾವಳಿಯ ಸಾಕ್ಷ್ಯವೂ ಕೂಡಿದಲ್ಲಿ ಮಾತ್ರ ನಿರ್ಣಯವು ನಿಲ್ಲುತ್ತದೆ. ಕನ್ನಡದಲ್ಲಿ ಇದನ್ನು ವಂಶಾಗತ ಅಸ್ಥಿವೃದ್ಧಿದೋಷವೆಂದು ಲಕ್ಷಣೀಕರಿಸಿ, ಊರಿನ ಹೆಸರನ್ನು ಗುರುತಿಗಾಗಿ ಇರುವ ಸಂಜ್ಞೆಯೆಂದಷ್ಟೇ ಎಣಿಸುವುದು ಯುಕ್ತ. ಪರಿಭಾಷೆಯನ್ನು ರಚಿಸುವ ವಿದ್ವಾಂಸರೂ ಅದನ್ನು ಬೋಧಿಸುವ ಅಧ್ಯಾಪಕರೂ ಇದನ್ನು ಪರಿಶೀಲಿಸಬೇಕು.