ಕೇಳಿಸುವಂತೆ ಕಳಿಸಿ

ಲ್ಯಾಂಡ್‌ಲೈನಿನಿಂದ ಬ್ಯಾಂಕಿಗೆ ಫೋನ್ ಹಚ್ಚಿ, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದಾಗ ಒತ್ತುತ್ತೀರಲ್ಲ, ಆಗ ತಂತಿಯ ಮೇಲೆ ಸಾಗುವುದು ಎರಡು ಸ್ವರ. 697 ಹರ್ಟ್ಸಿನದೊಂದು, 1209 ಹರ್ಟ್ಸಿನದೊಂದು, ಎರಡೂ ಒಟ್ಟಿಗೆ. ಆ ಕಡೆಯ ಯಂತ್ರ ಈ ಜೋಡಿಯನ್ನು ಕೇಳಿಯೇ ‘ಒಂದು’ ಎಂದು ತಿಳಿಯುತ್ತದೆ. ಐದನ್ನು ಒತ್ತಿದರೆ 770 ಮತ್ತು 1336. ಅಮೆರಿಕದ ಬೆಲ್ ಸಂಸ್ಥೆ 1963ರಲ್ಲಿ ಬಳಕೆಗೆ ತಂದ ಪದ್ಧತಿಯಿದು. ಇದರ ಸ್ವರಗಳನ್ನು ಆರಿಸಿದವರ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ. ಯಾವುದೂ ಇನ್ನೊಂದರ ಎರಡರಷ್ಟೋ ಮೂರರಷ್ಟೋ ಅಲ್ಲ. ಯಾವ ಎರಡನ್ನು ಕೂಡಿದರೂ ಕಳೆದರೂ ಮೂರನೆಯದು ಹುಟ್ಟುವುದಿಲ್ಲ. ನಮ್ಮ ಕೊರಳಿನ ದನಿಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಇರುತ್ತವೆ. ಆದ್ದರಿಂದ ಮಾತಿನ ನಡುವೆ ಇಂಥ ಜೋಡಿ ತಾನಾಗಿ ಮೂಡುವುದು ಬಲು ಅಪರೂಪ.

ಹತ್ತಿರವಿರುವ ಎರಡು ಕಂಪ್ಯೂಟರುಗಳು ತಂತಿಯೂ ಇಲ್ಲದೆ, ವೈಫೈಯೂ ಇಲ್ಲದೆ, ಒಂದರ ಸ್ಪೀಕರಿನಿಂದ ಇನ್ನೊಂದರ ಮೈಕಿಗೆ ಅಕ್ಷರ ದಾಟಿಸುವ ವಿದ್ಯೆಯೂ ಇದೇ ಕುಲದ್ದು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ಹಣ ಬಂತೆಂದು ಕೂಗುವ ಡಬ್ಬಿಯನ್ನು ಇದರ ಜೊತೆ ಸೇರಿಸಬೇಡಿ. ಅದು ಒಳಗಿನ ಸಿಮ್ ಮೂಲಕ ಸುದ್ದಿ ತರಿಸಿಕೊಂಡು ಮನುಷ್ಯರ ಕಿವಿಗೆ ಹೇಳುತ್ತದೆ, ಅಷ್ಟೆ. ಇಲ್ಲಿ ಹೇಳುವುದೂ ಯಂತ್ರ, ಕೇಳುವುದೂ ಯಂತ್ರ. ನಾವು ನಡುವೆ ಕೂತು ಕೇಳಿಸಿಕೊಳ್ಳುತ್ತೇವೆ. ಆ ಕೇಳಿಸಿಕೊಳ್ಳುವ ಅವಕಾಶವನ್ನು ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಊರಿನ ಉದಾಹರಣೆಯನ್ನೇ ನೋಡೋಣ. 2013ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟೋನ್‌ಟ್ಯಾಗ್ ಕಂಪನಿ ಸದ್ದಿನ ಮೂಲಕ ಹಣ ಪಾವತಿ ಮಾಡುವ ತಂತ್ರವನ್ನು ಕಟ್ಟಿತು. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಮೊಬೈಲಿನವರಿಗಾಗಿ ‘ಯುಪಿಐ 123ಪೇ’ಗೆ ಚಾಲನೆ ಕೊಟ್ಟಾಗ, ಅದರ ನಾಲ್ಕು ದಾರಿಗಳಲ್ಲಿ ಒಂದು ಈ ಸದ್ದಿನ ದಾರಿ. ಗಿರಾಕಿ ಒಂದು ನಂಬರಿಗೆ ಕರೆ ಮಾಡಿ, ಮೊಬೈಲನ್ನು ಅಂಗಡಿಯ ಪುಟ್ಟ ಯಂತ್ರಕ್ಕೆ ತಾಗಿಸಬೇಕು. ಯಂತ್ರ ತನ್ನ ಗುರುತಿನ ಸ್ವರವನ್ನು ಹೊರಡಿಸುತ್ತದೆ, ಕರೆಯ ಮೂಲಕವೇ ಅದು ಆಚೆ ತಲುಪುತ್ತದೆ. ಆಮೇಲೆ ಮೊತ್ತ, ಆಮೇಲೆ ಪಿನ್. ಇಂಟರ್ನೆಟ್ ಬೇಡ, ಕ್ಯಾಮೆರಾ ಬೇಡ, ದೊಡ್ಡ ಪರದೆಯೂ ಬೇಡ.

ಸಾಮಾನ್ಯ ಫೋನ್ ಕರೆ ಸಾಗಿಸಬಲ್ಲದ್ದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಮನುಷ್ಯರ ಮಾತಿಗೆಂದು ಹಾಕಿದ ದಾರಿಯದು. ಅದಕ್ಕಿಂತ ಮೇಲಿನದನ್ನು ಒಳಗೇ ಬಿಡುವುದಿಲ್ಲ. ಹಾಗಾಗಿ ಕೀಪ್ಯಾಡ್ ಮೊಬೈಲಿನ ಕರೆಯಲ್ಲಿ ಸಾಗುವ ಸ್ವರ ಕಿವಿಗೆ ಕೇಳಿಸುವ ಸ್ವರವೇ ಆಗಿರಬೇಕು. ಕೇಳಿಸುವ ಸದ್ದಿಗೆ ಎಂಥ ಬಡ ಮೊಬೈಲೂ ಸಾಕು. ಈ ವಿದ್ಯೆಯ ಮುಖ್ಯ ಗುಣವೇ ಇದು ಎನ್ನುತ್ತೇನೆ ನಾನು.

ಇನ್ನೊಂದು ಪಂಥ ಕೇಳಿಸದ ಸದ್ದಿನದು. 2017ರ ಸೆಪ್ಟೆಂಬರಿನಲ್ಲಿ ಗೂಗಲ್ ಭಾರತದಲ್ಲಿ ‘ತೇಜ್’ ಆ್ಯಪ್ ತಂದಾಗ, ಪಕ್ಕದಲ್ಲಿರುವ ಎರಡು ಮೊಬೈಲುಗಳು ಕಿವಿಗೆ ನಿಲುಕದ ಎತ್ತರದ ಸದ್ದಿನಲ್ಲಿ ಒಂದನ್ನೊಂದು ಗುರುತಿಸುವ ವ್ಯವಸ್ಥೆ ಅದರಲ್ಲಿತ್ತು. ತಂತ್ರವಾಗಿ ಅದು ಚೆಂದವೇ. ಆದರೆ ಅದೇ ಎತ್ತರದ ಸದ್ದನ್ನು ಟಿವಿ ಜಾಹೀರಾತುಗಳಲ್ಲಿ ಅಡಗಿಸಿ, ಯಾರ ಮೊಬೈಲು ಯಾವ ಟಿವಿಯ ಮುಂದಿದೆ ಎಂದು ಪತ್ತೆಹಚ್ಚುವ ಸಾಫ್ಟ್‌ವೇರನ್ನು ನಮ್ಮ ದೇಶದ್ದೇ ಆದ ಸಿಲ್ವರ್‌ಪುಶ್ ಕಂಪನಿ ಮಾಡಿತು. 2016ರ ಮಾರ್ಚಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ತಂತ್ರಾಂಶವನ್ನು ಸೇರಿಸಿಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅದಕ್ಕೂ ಮುಂಚೆ, 2013ರಲ್ಲಿ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಇಬ್ಬರು ಸಂಶೋಧಕರು ನೆಟ್‌ವರ್ಕಿನಿಂದ ಪೂರ್ತಿ ಬೇರ್ಪಡಿಸಿದ ಲ್ಯಾಪ್‌ಟಾಪುಗಳ ನಡುವೆಯೂ ಹೀಗೆ ಗುಟ್ಟಾಗಿ ದತ್ತಾಂಶ ದಾಟಿಸಬಹುದು ಎಂದು ತೋರಿಸಿದ್ದರು: ಸೆಕೆಂಡಿಗೆ 20 ಬಿಟ್, 19.7 ಮೀಟರ್ ದೂರ.

‘ಕೇಳಿಸದ’ ಎನ್ನುವುದೂ ಪೂರ್ತಿ ನಿಜವಲ್ಲ. ವಯಸ್ಸಾದಂತೆ ನಮ್ಮ ಕಿವಿ ಮೇಲಿನ ಕಂಪನಗಳನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಅಜ್ಜನಿಗೆ ಮೌನವಾದದ್ದು ಮೊಮ್ಮಗಳಿಗೆ ಕಿರಿಕಿರಿಯ ಕೀರಲು ಆಗಿರಬಹುದು. ಬೀದಿಯ ನಾಯಿಗಂತೂ ಅದು ಸ್ಪಷ್ಟ ಸದ್ದು. ಜೊತೆಗೆ 18,000 ಹರ್ಟ್ಸಿನ ಅಲೆಯ ಉದ್ದ ಎರಡು ಸೆಂಟಿಮೀಟರಿಗೂ ಕಡಿಮೆ. ಅಡ್ಡ ಒಂದು ಅಂಗೈ ಹಿಡಿದರೆ, ಮೊಬೈಲಿನ ಮೇಲೆ ಸೆರಗು ಬಿದ್ದರೆ ಅದು ಸೊರಗಿಹೋಗುತ್ತದೆ. ಅಗ್ಗದ ಸ್ಪೀಕರುಗಳು ಅಷ್ಟು ಎತ್ತರವನ್ನು ಸರಿಯಾಗಿ ನುಡಿಸುವುದೇ ಇಲ್ಲ. 1200 ಹರ್ಟ್ಸಿನ ಅಲೆ ಸುಮಾರು 29 ಸೆಂಟಿಮೀಟರ್; ಕುರ್ಚಿ, ಮೇಜು, ಮನುಷ್ಯರನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಕೇಳಿಸುವ ಪಂಥಕ್ಕೆ ದೊಡ್ಡ ಹಿರಿತನವಿದೆ. 1975ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಸೇರಿದ ಕಂಪ್ಯೂಟರ್ ಆಸಕ್ತರು ಹಾಡಿನ ಕ್ಯಾಸೆಟ್ಟಿನ ಮೇಲೆ ಪ್ರೋಗ್ರಾಮ್ ಬರೆಯುವ ಕ್ರಮವನ್ನು ನಿಗದಿ ಮಾಡಿದರು: ಸೊನ್ನೆಗೆ 1200 ಹರ್ಟ್ಸಿನ ನಾಲ್ಕು ಅಲೆ, ಒಂದಕ್ಕೆ 2400 ಹರ್ಟ್ಸಿನ ಎಂಟು ಅಲೆ. ಎರಡಕ್ಕೂ ಹಿಡಿಯುವ ಕಾಲ ಒಂದೇ. ಹ್ಯಾಮ್ ರೇಡಿಯೊದವರು ಇವತ್ತಿಗೂ ಸ್ವರಗಳಲ್ಲೇ ಚಿತ್ರ ಕಳಿಸುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆಗಾಗ 145.800 ಮೆಗಾಹರ್ಟ್ಸಿನಲ್ಲಿ ಇಂಥ ಚಿತ್ರಗಳನ್ನು ಬಿತ್ತರಿಸುತ್ತದೆ. ತಾರಸಿಯ ಮೇಲೆ ನಿಂತು ರೇಡಿಯೊ ಸೆಟ್ಟಿನ ಸ್ಪೀಕರಿಗೆ ಮೊಬೈಲಿನ ಮೈಕು ಹಿಡಿದರೆ ಸಾಕು, ಆ ಸದ್ದನ್ನು ಆ್ಯಪ್ ಒಂದು ಗೆರೆ ಗೆರೆಯಾಗಿ ಚಿತ್ರಕ್ಕೆ ತಿರುಗಿಸುತ್ತದೆ. 1500 ಹರ್ಟ್ಸ್ ಎಂದರೆ ಕಪ್ಪು, 2300 ಎಂದರೆ ಬಿಳಿ, ನಡುವಿನದೆಲ್ಲ ಬೂದು. ಹೊಸ ಗೆರೆ ಶುರುವಾಯಿತು ಎನ್ನಲು 1200ರ ಪುಟ್ಟ ತಟ್ಟು. ಸುಮಾರು 400 ಕಿಲೋಮೀಟರ್ ಮೇಲಿನಿಂದ ರೇಡಿಯೊ ಅಲೆಯಲ್ಲಿ ಬಂದ ಚಿತ್ರ ಕೊನೆಯ ಒಂದು ಗೇಣನ್ನು ಬರಿಯ ಗಾಳಿಯಲ್ಲಿ, ಸದ್ದಾಗಿ ದಾಟುವುದನ್ನು ಒಮ್ಮೆಯಾದರೂ ಕಿವಿಯಾರೆ ಕೇಳಬೇಕು.

ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ಕೂತು ಇದನ್ನೆಲ್ಲ ಬರೆಯಲು ನನಗೆ ಇನ್ನೊಂದು ಖುಷಿ. ಇಲ್ಲೇ ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ಇದೆ. ಅದರಲ್ಲಿ ಲೀನವಾದ ಹಳೆಯ ಕಂಪನಿ ರೆಮ್ಕೊ ತನ್ನ ಹೆಸರಿನಲ್ಲೇ ರೇಡಿಯೊವನ್ನು ಇಟ್ಟುಕೊಂಡಿತ್ತು: ರೇಡಿಯೊ ಅಂಡ್ ಎಲೆಕ್ಟ್ರಿಕಲ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಕಂಪನಿ ಹೋದರೂ ರೆಮ್ಕೊ ಎಂಬ ಹೆಸರು ಈ ಕಡೆಯ ಬಡಾವಣೆಗಳಲ್ಲಿ ಉಳಿದುಕೊಂಡಿದೆ.

ಸದ್ದಿನಲ್ಲಿ ಅಕ್ಷರ ಕಳಿಸಲು ಇಷ್ಟು ಗದ್ದಲದ ಜಾಗವೇ ಎಂದು ನೀವು ಕೇಳಬಹುದು. ಕೆಳಗೆ ಮೈಸೂರು ರಸ್ತೆಯ ವಾಹನ, ಡಿಪೊಗೆ ತಿರುಗುವ ಬಿಎಂಟಿಸಿ ಬಸ್ಸು, 2015ರ ನವೆಂಬರಿನಿಂದ ಮೇಲೆ ಮೆಟ್ರೊ. ಆದರೆ ಎಂಜಿನ್ನಿನ ಗುಡುಗು, ರೈಲಿನ ಹೊರಳು ಬಹುಪಾಲು ಕೆಳಸ್ಥಾಯಿಯಲ್ಲೇ ಇರುತ್ತವೆ. ನಮ್ಮ ಸ್ವರಗಳನ್ನು 1800 ಹರ್ಟ್ಸಿನ ಮೇಲೆ ಕೂರಿಸಿದರೆ ಆ ಗದ್ದಲದ ತಲೆಯ ಮೇಲೆ ಹಾಯಾಗಿ ಸಾಗುತ್ತವೆ. ತೊಂದರೆ ಕೊಡುವುದು ಹಾರ್ನು, ಮತ್ತು ಕುಕ್ಕರ್ ಕೂಗು. ಹಾರ್ನಿನ ಹರಿತವಾದ ಭಾಗ ನೇರವಾಗಿ ನಮ್ಮ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಕುಕ್ಕರಿನ ಹಬೆಯ ಸದ್ದು ಎಲ್ಲ ಕಂಪನಗಳ ಮೇಲೂ ಒಟ್ಟಿಗೆ ಹರಡುತ್ತದೆ.

ಅದಕ್ಕಿಂತಲೂ ಮನೆಯ ಒಳಗಿನ ಗೋಡೆಗಳೇ ಹೆಚ್ಚು ಕಾಡುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ಬೋಳು ಗೋಡೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೂರು ಮೀಟರ್ ಆಚೆಯ ಗೋಡೆಗೆ ಬಡಿದು ಹಿಂದಿರುಗಲು ಸೆಕೆಂಡಿನ ಸಾವಿರದಲ್ಲಿ 17-18 ಪಾಲು. ಒಂದು ಸ್ವರದ ಮರುದನಿ ಆರುವ ಮೊದಲೇ ಮುಂದಿನ ಸ್ವರ ಬಂದರೆ ಎರಡೂ ಕಲಸಿಹೋಗುತ್ತವೆ. ಅದಕ್ಕಾಗಿಯೇ ಪ್ರತಿ ಸ್ವರವನ್ನೂ ಸಾಕಷ್ಟು ಹೊತ್ತು ಎಳೆಯಬೇಕು. ಈ ವಿದ್ಯೆ ನಿಧಾನವಾಗಿರುವುದು ಕಂಪ್ಯೂಟರಿನ ಸೋಮಾರಿತನದಿಂದಲ್ಲ, ಕೋಣೆಯ ಗುಣದಿಂದ. ಕಿಟಕಿಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿದರೆ ಫಲಿತಾಂಶ ಸುಧಾರಿಸುತ್ತದೆ. ಫ್ಯಾನನ್ನೂ ನಿಲ್ಲಿಸಿ. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ರೆಕ್ಕೆ ಹಾದುಹೋಗುತ್ತವೆ, ಚಾವಣಿಯ ಕಡೆಯಿಂದ ಮರಳುವ ಸದ್ದನ್ನು ಅಷ್ಟು ಸಲ ನಡುಗಿಸುತ್ತವೆ. ಮೈಕಿನ ‘ಗದ್ದಲ ತಗ್ಗಿಸುವ’ ಸೌಲಭ್ಯವನ್ನಂತೂ ಮರೆಯದೆ ಆರಿಸಿ. ಅದರ ಕಣ್ಣಿಗೆ ಮಾತೊಂದೇ ಸದ್ದು. ನಮ್ಮ ಸ್ವರಗಳನ್ನು ಕಸವೆಂದು ಗುಡಿಸಿಬಿಡುತ್ತದೆ.

ಸಾಧನವಾಗಿ ನಾನು ಶಿಫಾರಸು ಮಾಡುವುದು ಬಲ್ಗೇರಿಯಾದ ಗೆಯೋರ್ಗಿ ಗೆರ್ಗಾನೊವ್ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ‘ಜಿಜಿವೇವ್’. ಅದರ ವೇಗ ಸೆಕೆಂಡಿಗೆ 8ರಿಂದ 16 ಬೈಟ್. ಇಪ್ಪತ್ತು ಲಕ್ಷ ಬೈಟಿನ ಒಂದು ಫೋಟೊ ಕಳಿಸಲು ಗರಿಷ್ಠ ವೇಗದಲ್ಲೂ ಸುಮಾರು ಒಂದೂವರೆ ದಿನ ಬೇಕು. ಆದರೆ ವೈಫೈ ಪಾಸ್‌ವರ್ಡು, ಫೋನ್ ನಂಬರು, ಒಂದು ಸಾಲು ಮಾತು, ಇಷ್ಟಕ್ಕೆ ಕೆಲವೇ ಸೆಕೆಂಡು ಸಾಕು. ಜೋಡಿ ಮಾಡುವ ತಾಪತ್ರಯವಿಲ್ಲ, ಒಂದು ಸ್ಪೀಕರು ನುಡಿದರೆ ಕೋಣೆಯಲ್ಲಿರುವ ಅಷ್ಟೂ ಮೊಬೈಲುಗಳು ಒಟ್ಟಿಗೆ ಕೇಳಿಸಿಕೊಳ್ಳಬಹುದು. ಕೊನೆಯಲ್ಲಿ ಒಂದಿಷ್ಟು ತಿದ್ದುಪಡಿ ಬೈಟುಗಳೂ ಹೋಗುತ್ತವೆ. ರೀಡ್ ಮತ್ತು ಸೊಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಕೊಟ್ಟ ಲೆಕ್ಕ ಅದು. ಅಂಗಡಿಯ ಕ್ಯೂಆರ್ ಚೀಟಿಯ ಮೂಲೆ ಹರಿದರೂ ಸ್ಕ್ಯಾನ್ ಆಗುವುದು ಇದೇ ಲೆಕ್ಕದ ಬಲದಿಂದ. ಹಾರ್ನು ನುಂಗಿದ ಒಂದೆರಡು ಬೈಟುಗಳನ್ನು ಮತ್ತೆ ಕಟ್ಟಿಕೊಡುವುದೂ ಇದೇ.

ಇನ್ನು ನನ್ನ ಮನಸ್ಸಿಗೆ ತೀರ ಹತ್ತಿರದ ಸಂಗತಿ. ಜಿಜಿವೇವ್ ಪ್ರತಿ ಬೈಟನ್ನೂ ಎರಡು ಅರ್ಧ ಮಾಡುತ್ತದೆ. ಒಂದು ಅರ್ಧಕ್ಕೆ 16 ಸಾಧ್ಯತೆ, ಹಾಗಾಗಿ ಅದಕ್ಕೆ 16 ಸ್ವರಸ್ಥಾನ. ಒಂದೊಂದು ಗಳಿಗೆಯಲ್ಲಿ ಮೂರು ಬೈಟು, ಅಂದರೆ ಆರು ಸ್ವರ, ಒಟ್ಟಿಗೆ. ಹೀಗೆ 96 ಸ್ಥಾನಗಳು 1875 ಹರ್ಟ್ಸಿನಿಂದ ಮೇಲಕ್ಕೆ 46.875 ಹರ್ಟ್ಸ್ ಅಂತರದಲ್ಲಿ ಸಾಲಾಗಿ ಕೂತಿವೆ. ಈಗ ಕನ್ನಡವನ್ನು ತನ್ನಿ. ಯೂನಿಕೋಡ್ ಪಠ್ಯದ ಸಾಮಾನ್ಯ ರೂಪವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಸರಿಯಾಗಿ ಮೂರು ಬೈಟು. ಅಂದರೆ ಚಿಹ್ನೆಗೊಂದು ಸ್ವರಗುಚ್ಛ! ‘ನಮಸ್ಕಾರ’ ಎಂದರೆ ನ, ಮ, ಸ, ಒತ್ತಿನ ಗುರುತು, ಕ, ಇಳಿ, ರ: ಏಳು ಚಿಹ್ನೆ, 21 ಬೈಟು, ಏಳು ಗುಚ್ಛ.

ಈ ಮೂರರಲ್ಲಿ ಮೊದಲ ಬೈಟು ಎಲ್ಲ ಕನ್ನಡ ಚಿಹ್ನೆಗಳಿಗೂ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆ. ಆದ್ದರಿಂದ ಒಂದು ಪದ ಮುಗಿಯುವ ತನಕ ಆರು ಸ್ವರಗಳಲ್ಲಿ ಮೂರು ಅಲುಗಾಡದೆ ನಿಲ್ಲುತ್ತವೆ, ತಂಬೂರಿಯ ಶ್ರುತಿಯ ಹಾಗೆ. ಉಳಿದ ಮೂರರಲ್ಲಿ ಒಂದು ಎರಡು ಮೆಟ್ಟಿಲುಗಳ ನಡುವೆ ಮಾತ್ರ ಓಡಾಡುತ್ತದೆ: ಅಕ್ಷರ, ಅನುಸ್ವಾರ, ಇಳಿ, ಗುಡಿಸು ಬಂದಾಗ ಕೆಳಗೆ, ಗುಡಿಸಿನ ದೀರ್ಘ, ಕೊಂಬು, ಎತ್ವ, ಒತ್ತು ಬಂದಾಗ ಮೇಲೆ. ‘ನಮಸ್ಕಾರ’ದಲ್ಲಿ ಅದು ಒಂದೇ ಸಲ, ಒತ್ತಿನ ಜಾಗದಲ್ಲಿ, ಏರಿ ಇಳಿಯುತ್ತದೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟಾದ್ದರಿಂದ ಅಲ್ಲಿ ಎಲ್ಲವೂ ಒಂದು ಸ್ಥಾನ ಸರಿದು, ಶ್ರುತಿ ಬೇರೆ ಕಡೆ ನಿಲ್ಲುತ್ತದೆ. ಮೂರು ಖಾಲಿ ಜಾಗ ದಾಟಿದ ಮೇಲೆ ಮೊದಲಿನ ಶ್ರುತಿಗೆ ಮರಳುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೀಗೆ ನಿಂತ ಸ್ವರ ಸಿಗದು. ಅಲ್ಲಿ ಮೂರು ಸ್ವರಗಳು ಅಕ್ಕಪಕ್ಕದ ಎರಡು ಸ್ಥಾನಗಳ ನಡುವೆ ತೂಗಾಡುತ್ತಿರುತ್ತವೆ. ಶ್ರುತಿ ನಿಂತದ್ದು ಕಿವಿಗೇ ಗೊತ್ತಾಗುತ್ತದೆ. ಒತ್ತಿನ ಏರಿಳಿತ ಸೂಕ್ಷ್ಮ. ಮೊಬೈಲಿನಲ್ಲಿ ಸ್ಪೆಕ್ಟ್ರೋಗ್ರಾಮ್ ತೋರಿಸುವ ಆ್ಯಪ್ ಹಾಕಿಕೊಂಡು ನೋಡುತ್ತಾ ಕೇಳಿ.

ಶ್ರುತಿ ಚೆಂದ, ಆದರೆ ಬೆಲೆ ದುಬಾರಿ. ‘ದೀಪಾಂಜಲಿ ನಗರ’ ಎಂದು ಕಳಿಸಲು 34 ಬೈಟು ಬೇಕು. ಜಿಜಿವೇವ್ ಒಂದು ಸಲಕ್ಕೆ ಒಯ್ಯುವುದು ಹೆಚ್ಚೆಂದರೆ 140 ಬೈಟು, ಕನ್ನಡದಲ್ಲಿ 46 ಚಿಹ್ನೆ ಮಾತ್ರ. ಕನ್ನಡಕ್ಕೆ ಯೂನಿಕೋಡ್ ಕೊಟ್ಟಿರುವುದು 128 ಮನೆ. ಒಂದು ಬೈಟಿನಲ್ಲಿ 256 ಸಾಧ್ಯತೆ. ಹಾಗಾಗಿ ಕಳಿಸುವ ಮೊದಲು ಪ್ರತಿ ಚಿಹ್ನೆಯನ್ನೂ ಒಂದೇ ಬೈಟಿಗೆ ಇಳಿಸಿ, ತಲುಪಿದ ಮೇಲೆ ಮೊದಲಿನ ರೂಪಕ್ಕೆ ತರುವ ಪುಟ್ಟ ಕೋಷ್ಟಕವೊಂದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಇಂಗ್ಲಿಷ್ ಅಕ್ಷರ, ಅಂಕಿಗಳಿಗೂ ಉಳಿದ 128ರಲ್ಲಿ ಜಾಗವಿರುತ್ತದೆ. ‘ದೀಪಾಂಜಲಿ ನಗರ’ ಆಗ 12 ಬೈಟಿನಲ್ಲಿ ಮುಗಿಯುತ್ತದೆ, ಶ್ರುತಿ ಮಾತ್ರ ಹೊರಟುಹೋಗುತ್ತದೆ. ದಿನದ ಕೆಲಸಕ್ಕೆ ಈ ಕೋಷ್ಟಕವೇ ಸರಿ. ಶಾಲೆಯಲ್ಲಿ ಮಕ್ಕಳಿಗೆ ತೋರಿಸುವುದಾದರೆ ಮಾತ್ರ ಮೂರು ಬೈಟಿನ ಪೂರ್ತಿ ರೂಪವನ್ನೇ ನುಡಿಸಿ, ಮೊದಲು ಫ್ಯಾನು ನಿಲ್ಲಿಸಿ.